ಕುದುರೆಯ ಕರುಳು, ಕಾಣದ ಹಗೆ

ಚಾಮರಾಜನಗರಕ್ಕೆ ರೈಲು ಬಂದುದು 1926ರಲ್ಲಿ. ಗುಂಡ್ಲುಪೇಟೆಗೆ ಅದು ಇಂದಿಗೂ ಬಂದಿಲ್ಲ. ಮೋಟಾರು ಬಸ್ಸುಗಳು ವಿರಳವಾಗಿದ್ದ ದಿನಗಳಲ್ಲಿ ಸ್ಟೇಷನ್ನಿನಲ್ಲಿಳಿದು ತೆರಕಣಾಂಬಿಯ ಹಾದಿ ಹಿಡಿಯುವವರಿಗೆ ಎತ್ತಿನ ಗಾಡಿ ಇಲ್ಲವೆ ಜಟಕಾವೇ ಗತಿ. ಜಟಕಾದ ಕುದುರೆಗೆ ಹುಲ್ಲಿನೊಡನೆ ಬೇಯಿಸಿದ ಹುರುಳಿ ಮೇವು. ಮಳೆ ಕೈಕೊಟ್ಟ ವರ್ಷವೂ ಒಂದಿಷ್ಟು ಕೈಗೆ ಬರುವ ಕಾಳೆಂದು ಈ ಸೀಮೆಯ ರೈತರು ಹುರುಳಿಯನ್ನು ಬಿತ್ತುತ್ತ ಬಂದವರು. ಇಂಗ್ಲಿಷರಂತೂ ಆ ಕಾಳಿಗೆ ಕುದುರೆಯ ಹೆಸರನ್ನೇ ಇಟ್ಟುಬಿಟ್ಟರು.

ಜಟಕಾದವನ ಕುದುರೆ ಮಲಗಿತೆಂದರೆ ಮನೆಯ ಒಲೆಯೂ ಆರಿದಂತೆಯೇ. ಹೊಟ್ಟೆನೋವಿನಿಂದ ನೆಲವನ್ನು ಕೆರೆಯುತ್ತ, ಪಕ್ಕೆಯ ಕಡೆಗೆ ತಿರುಗಿ ತಿರುಗಿ ನೋಡುತ್ತ, ನೀರು ನೀರಾಗಿ ಭೇದಿ ಮಾಡಿಕೊಂಡು, ಎರಡು ದಿನಗಳೊಳಗೆ ಕಣ್ಣು ಮುಚ್ಚಿದ ಕುದುರೆಗೆ ದೃಷ್ಟಿ ತಾಗಿತೆಂದು ಹೇಳುವುದುಂಟು. ದೃಷ್ಟಿ ತೆಗೆಯುವುದರಿಂದ ಕುದುರೆಗೆ ಕೇಡೇನೂ ಇಲ್ಲ. ಅದಕ್ಕಾಗಿ ಹೊತ್ತು ಕಳೆದುದೇ ಕೇಡು.

ಕುದುರೆಯ ಹೊಟ್ಟೆಯ ರಚನೆಯೇ ವಿಚಿತ್ರವಾದುದು. ಹಸುವಿನಂತೆ ಅದು ಮೆಲುಕು ಹಾಕುವುದಿಲ್ಲ. ತಿಂದುದು ಒಗ್ಗದಿದ್ದರೆ ವಾಂತಿ ಮಾಡಲಾರದು. ಜಠರ ದೇಹಕ್ಕೆ ಹೋಲಿಸಿದರೆ ಚಿಕ್ಕದು. ಹುಲ್ಲಿನ ನಾರು ಕರಗುವುದು ಹಿಂಭಾಗದಲ್ಲಿ: ಸುಮಾರು 30 ಲೀಟರ್ ಹಿಡಿಯುವ ಕುರುಡುಗರುಳು, ಅದರ ಮುಂದೆ ಸುಮಾರು 80 ಲೀಟರಿನ ದೊಡ್ಡ ಕರುಳು. ಇವೆರಡೂ ಕೋಟ್ಯನುಕೋಟಿ ಸೂಕ್ಷ್ಮಾಣುಗಳು ಹಗಲಿರುಳು ದುಡಿಯುವ ಹುಳಿಹಂಡೆಗಳು. ಅವುಗಳ ದುಡಿಮೆಯಿಂದಲೇ ಕುದುರೆ ಬದುಕುತ್ತದೆ, ಅವುಗಳ ನಡುವಿನ ಸಮತೂಕ ತಪ್ಪಿದರೆ ಸಾಯುತ್ತದೆ.

ಹುರುಳಿಯನ್ನೇ ನೋಡಿ. ಅಳತೆಯಲ್ಲಿ ಇಟ್ಟರೆ ಅದು ಬಲ. ಕಟ್ಟು ಬಿಚ್ಚಿಕೊಂಡ ಕುದುರೆ ರಾತ್ರಿ ಕಾಳಿನ ಮೂಟೆಗೆ ಬಾಯಿ ಹಾಕಿತೆನ್ನಿ. ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಉಳಿದ ಪಿಷ್ಟವೆಲ್ಲ ಹಿಂದಿನ ಹಂಡೆಗೆ ಇಳಿಯುತ್ತದೆ. ಕೆಲವೇ ಗಂಟೆಗಳಲ್ಲಿ ಲ್ಯಾಕ್ಟಿಕ್ ಆಮ್ಲವನ್ನುಂಟುಮಾಡುವ ಸೂಕ್ಷ್ಮಾಣುಗಳು ಮಿತಿಮೀರಿ ಬೆಳೆಯುತ್ತವೆ. ಆ ಹುಳಿಗೆ ಉಳಿದವು ಸಾಯುತ್ತವೆ. ಸತ್ತವುಗಳ ಒಡಲಿನ ವಿಷ ಬೆಂದ ಕರುಳಿನ ಗೋಡೆಯನ್ನು ದಾಟಿ ರಕ್ತ ಸೇರುತ್ತದೆ. ಹೊಟ್ಟೆಯ ಬೇನೆ ಕಾಲಿಗಿಳಿಯುವುದು ಹೀಗೆ: ಗೊರಸಿನೊಳಗಿನ ಪದರಗಳು ಉರಿಯೆದ್ದು ಸಡಿಲಗೊಂಡು, ಬದುಕಿದ ಕುದುರೆಯೂ ಕುಂಟಾಗುತ್ತದೆ.

ಇನ್ನು ಹೊರಗಿನಿಂದ ಬರುವ ಹಗೆಗಳು. ಅವುಗಳಲ್ಲಿ ಸಾಲ್ಮೊನೆಲ್ಲಾ ಮುಖ್ಯವಾದುದು. ಅಮೆರಿಕದ ಪಶುವೈದ್ಯ ಡೇನಿಯಲ್ ಸಾಲ್ಮನ್ ಅವರ ಹೆಸರು ಇದಕ್ಕೆ ಬಂದಿದೆಯಾದರೂ 1885ರಲ್ಲಿ ಅದನ್ನು ಹಂದಿಗಳಲ್ಲಿ ಕಂಡವರು ಅವರ ಕೈಕೆಳಗಿದ್ದ ಥಿಯೋಬಾಲ್ಡ್ ಸ್ಮಿತ್. ಕೀರ್ತಿ ಮೇಲಧಿಕಾರಿಗೆ ಸಂದ ಪ್ರಸಂಗಗಳಲ್ಲಿ ಇದೂ ಒಂದು! ಈ ರೋಗಾಣು ಆರೋಗ್ಯವಾಗಿ ಕಾಣುವ ಕುದುರೆಯ ಕರುಳಿನಲ್ಲಿಯೂ ಅಡಗಿರಬಲ್ಲುದು. ದೂರದ ಪ್ರಯಾಣ, ಬಿಸಿಲು, ಮೇವಿನ ಬದಲಾವಣೆ, ಶಸ್ತ್ರಕ್ರಿಯೆ—ಇವುಗಳಿಂದ ಕುದುರೆ ಬಳಲಿದಾಗ ಅದು ತಲೆಯೆತ್ತಿ ಲದ್ದಿಯ ಮೂಲಕ ಲಾಯವನ್ನೆಲ್ಲ ವ್ಯಾಪಿಸುತ್ತದೆ. ಸಾಕುವವನಿಗೂ ಅವನ ಮಕ್ಕಳಿಗೂ ಅದೇ ರೋಗ ಅಂಟಬಹುದೆಂಬುದು ಹೆಚ್ಚು ಕಳವಳದ ಸಂಗತಿ.

ಎರಡನೆಯ ಹಗೆ ಕ್ಲಾಸ್ಟ್ರಿಡಿಯಂ ಬಳಗದ್ದು. ಇವು ಬೀಜಕಗಳಾಗಿ ಮಣ್ಣಿನಲ್ಲಿ ಬಹುಕಾಲ ಬಾಳುತ್ತವೆ. ಹುಟ್ಟಿ ಎರಡು ಮೂರು ದಿನಗಳಾದ ಮರಿ ರಕ್ತಭೇದಿಯಿಂದ ಒಂದೇ ದಿನದಲ್ಲಿ ಸತ್ತರೆ ಇವುಗಳನ್ನು ಶಂಕಿಸಬೇಕು. ಟಿಪ್ಪುವಿನ ಕಾಲದಿಂದ ನಡೆದುಬಂದ ಕುಣಿಗಲ್ಲಿನಂಥ ಅಶ್ವಶಾಲೆಗಳಲ್ಲಿ ಮರಿಗಳ ಆರೈಕೆಗೆ ಅಷ್ಟೊಂದು ಮಹತ್ವವಿರುವುದು ಸುಮ್ಮನೆ ಅಲ್ಲ. ಹಾಲು ಬಿಟ್ಟ ಮರಿಗಳನ್ನು ಕಾಡುವ ಲಾಸೋನಿಯ ಎಂಬುದು ಬೇರೆ. ಅದು ಸಣ್ಣ ಕರುಳನ್ನು ದಪ್ಪಗೊಳಿಸಿ ಮರಿಯನ್ನು ಸೊರಗಿಸುತ್ತದೆ.

ಬೆಳೆದ ಕುದುರೆಯ ಮೇಲೆ ಕ್ಲಾಸ್ಟ್ರಿಡಿಯಂ ಬಳಗ ಎರಗುವುದಕ್ಕೆ ಎಷ್ಟೋ ವೇಳೆ ಮನುಷ್ಯನೇ ಬಾಗಿಲು ತೆರೆಯುತ್ತಾನೆ. ಗಾಯಕ್ಕೋ ಕೆಮ್ಮಿಗೋ ಕೊಟ್ಟ ಪ್ರತಿಜೀವಕ ಔಷಧವು ಕರುಳಿನ ಉಪಕಾರಿ ಸೂಕ್ಷ್ಮಾಣುಗಳನ್ನು ಕೊಂದು ಇವುಗಳಿಗೆ ಜಾಗ ಮಾಡಿಕೊಡುತ್ತದೆ. ಮನುಷ್ಯರಿಗೆ ಕೊಡುವ ಲಿಂಕೋಮೈಸಿನ್, ಕ್ಲಿಂಡಾಮೈಸಿನ್‌ಗಳು ಕುದುರೆಗೆ ಮಾರಕವಾಗಬಲ್ಲವು. ಆದುದರಿಂದ ಮನೆಯಲ್ಲಿ ಮಿಕ್ಕ ಮಾತ್ರೆಯನ್ನು ಬೆಲ್ಲದಲ್ಲಿಟ್ಟು ತಿನ್ನಿಸುವ ಜಾಣತನ ಸಲ್ಲದು.

ಈಗ ಈ ತಾಲ್ಲೂಕುಗಳಲ್ಲಿ ಜಟಕಾಗಳ ಕಾಲ ಮುಗಿದಿದೆ. ಆದರೂ ಮೈಸೂರಿನ ಟಾಂಗಾಗಳಿಗೆ, ಮದುವೆಯ ಮೆರವಣಿಗೆಯ ಕುದುರೆಗಳಿಗೆ ಇರುವುದು ಅದೇ ಕರುಳು. ಭೇದಿ ಕಂಡೊಡನೆ ಕಾಳನ್ನು ನಿಲ್ಲಿಸಿ ಪಶುವೈದ್ಯರನ್ನು ಕರೆಯಬೇಕು. ದಿನಕ್ಕೆ ಹತ್ತಾರು ಲೀಟರ್ ನೀರೂ ಲವಣವೂ ಹೋಗುವುದರಿಂದ ರಕ್ತನಾಳದ ಮೂಲಕ ಅದನ್ನು ತುಂಬಿಕೊಡುವುದೇ ಚಿಕಿತ್ಸೆಯ ಮೊದಲ ಮೆಟ್ಟಿಲು. ಗೊರಸುಗಳನ್ನು ಮಂಜುಗಡ್ಡೆಯಲ್ಲಿ ಎರಡು ಮೂರು ದಿನ ಬಿಡದೆ ತಂಪಾಗಿಡುವುದರಿಂದ ಕುಂಟು ತಪ್ಪುವುದುಂಟು. ಸಾಲ್ಮೊನೆಲ್ಲಾ ಇದೆಯೋ ಇಲ್ಲವೋ ತಿಳಿಯಲು ಒಮ್ಮೆ ಲದ್ದಿ ಪರೀಕ್ಷಿಸಿದರೆ ಸಾಲದು; ರೋಗಾಣು ಬಿಟ್ಟು ಬಿಟ್ಟು ಹೊರಬೀಳುವುದರಿಂದ ಬೇರೆ ಬೇರೆ ದಿನಗಳ ಐದು ಮಾದರಿಗಳನ್ನಾದರೂ ನೋಡುವುದು ವಾಡಿಕೆ. ಅಲ್ಲಿಯವರೆಗೆ ಆ ಕುದುರೆಯ ಬಕೆಟ್ಟು, ಸಲಿಕೆ, ಮೈಯುಜ್ಜುವ ಬ್ರಷ್ಷು ಬೇರೆಯಾಗಿಯೇ ಇರಲಿ; ಲಾಯದಿಂದ ಬಂದವರು ಸೋಪು ಹಚ್ಚಿ ಕೈ ತೊಳೆದ ಮೇಲೆಯೇ ಊಟಕ್ಕೆ ಕೂರಲಿ.