ಹೊರಟಲ್ಲಿಗೇ ಮರಳುವ ದಾರಿ

ಫ್ರಾನ್ಸ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಐಫೆಲ್ ಗೋಪುರ, ಅತ್ತರಿನ ಸೀಸೆ, ಮನೆಯಲ್ಲಿ ಗಂಡು ಮಕ್ಕಳಿದ್ದರೆ ಫುಟ್ಬಾಲ್ ಆಟಗಾರ ಝಿದಾನ್. ಆ ದೇಶದ ಹಳ್ಳಿಗಳ ಬಗ್ಗೆ ನಾವು ಕೇಳಿದ್ದು ಕಡಿಮೆ. ಆದರೆ ರಜಾದಿನಗಳಲ್ಲಿ ಚೀಲಕ್ಕೆ ಬ್ರೆಡ್ಡು, ನೀರು ಹಾಕಿಕೊಂಡು ಹಳ್ಳಿಗಾಡಿನಲ್ಲಿ ನಡೆಯುವುದೆಂದರೆ ಅಲ್ಲಿನವರಿಗೆ ಬಲು ಪ್ರೀತಿ. ಅಜ್ಜಿಯರೂ ನಡೆಯುತ್ತಾರೆ, ಮೊಮ್ಮಕ್ಕಳೂ ನಡೆಯುತ್ತಾರೆ. ಅದಕ್ಕೆಂದೇ ವರ್ತುಲ ದಾರಿಗಳಿವೆ. ಊರ ನಡುವಿನಿಂದ ಹೊರಟು, ಹೊಲ, ಕಾಡು, ಗುಡ್ಡ ಸುತ್ತಿ, ಬೇರೊಂದು ಬದಿಯಿಂದ ಅದೇ ಊರಿಗೆ ಬಂದು ಸೇರುವ ದಾರಿ. ಹತ್ತು ಹನ್ನೆರಡು ಕಿಲೋಮೀಟರಿನ ಸುತ್ತಾದರೆ ಮೂರು ತಾಸಿನಲ್ಲಿ ಮುಗಿಯುತ್ತದೆ.

ಬನ್ನಿ ಸಹೋದರಿಯರೇ, ಅಂತಹ ಒಂದು ದಾರಿಯಲ್ಲಿ ನಾವೂ ಹೆಜ್ಜೆ ಹಾಕೋಣ.

ಪ್ಯಾರಿಸ್ ನಗರದಿಂದ ಆಗ್ನೇಯಕ್ಕೆ ಸುಮಾರು 250 ಕಿಲೋಮೀಟರ್ ದೂರದಲ್ಲಿ, ಬರ್ಗಂಡಿ ಪ್ರಾಂತದಲ್ಲಿ ಮೊರ್ವಾನ್ ಎಂಬ ಗುಡ್ಡಗಾಡಿದೆ. ಅಲ್ಲಿನ ಅತಿ ಎತ್ತರದ ಬೆಟ್ಟವೂ 901 ಮೀಟರಷ್ಟೇ. ಹಾಗಾಗಿ ಏದುಸಿರು ಬಿಡುವ ಭಯವಿಲ್ಲ. ಕಲ್ಲಿನ ಗಟ್ಟಿ ಮನೆಗಳು, ಬೇಲಿ ಗಿಡಗಳಿಂದ ಸುತ್ತುವರಿದ ಹುಲ್ಲುಗಾವಲು, ಅದರಲ್ಲಿ ಮೇಯುವ ಬಿಳಿ ಬಣ್ಣದ ಶಾರೊಲೆ ದನಗಳು. ಊರ ಮಧ್ಯೆ ಪುರಸಭೆಯ ಪುಟ್ಟ ಕಟ್ಟಡ, ಚರ್ಚು, 1914ರಿಂದ 1918ರ ಯುದ್ಧದಲ್ಲಿ ಸತ್ತ ಊರಿನ ಯುವಕರ ಹೆಸರು ಕೆತ್ತಿದ ಕಲ್ಲು. ಫ್ರಾನ್ಸಿನ ಹೆಚ್ಚು ಕಡಿಮೆ ಪ್ರತಿ ಹಳ್ಳಿಯಲ್ಲೂ ಈ ಕಲ್ಲಿದೆ.

ದಾರಿ ತಪ್ಪಿದರೆ ಏನು ಗತಿ ಎನ್ನುತ್ತೀರಾ? ಮರದ ಮೇಲೆ, ಗೋಡೆಯ ಮೇಲೆ, ಕಂಬದ ಮೇಲೆ ಬಣ್ಣದ ಗುರುತುಗಳಿವೆ. ಸಣ್ಣ ಸುತ್ತು ದಾರಿಗೆ ಹಳದಿ ಪಟ್ಟಿ. ದಿನಗಟ್ಟಲೆ ನಡೆಯುವ ದೂರದ ದಾರಿಗೆ ಬಿಳಿ ಮತ್ತು ಕೆಂಪು. ಒಂದು ಸೀಮೆಯನ್ನೇ ಸುತ್ತಿ ಬರುವ ದಾರಿಗೆ ಹಳದಿ ಮತ್ತು ಕೆಂಪು. ಬಣ್ಣದ ಪಟ್ಟಿ ಅಡ್ಡಲಾಗಿದ್ದರೆ ಮುಂದೆ ಸಾಗಿ ಎಂದರ್ಥ. ಕತ್ತರಿಯಂತೆ ಒಂದರ ಮೇಲೊಂದು ಗೀಟಿದ್ದರೆ ಇದು ನಿಮ್ಮ ದಾರಿಯಲ್ಲ, ಹಿಂದಿರುಗಿ ಎಂದರ್ಥ. 1947ರಲ್ಲಿ ಪಾದಯಾತ್ರೆಯ ಆಸಕ್ತರು ಸೇರಿ ಕಟ್ಟಿದ ಸಂಸ್ಥೆಯೇ ಇಂದಿನ ಫ್ರೆಂಚ್ ಪಾದಯಾತ್ರಾ ಒಕ್ಕೂಟ. ಇಂದು ಆ ದೇಶದಲ್ಲಿ ಗುರುತು ಹಾಕಿದ ಕಾಲುದಾರಿಗಳ ಉದ್ದ 1,80,000 ಕಿಲೋಮೀಟರಿಗೂ ಹೆಚ್ಚು. ಬಣ್ಣದ ಡಬ್ಬಿ ಹಿಡಿದು ಈ ಗುರುತುಗಳನ್ನು ಹಾಕುವವರಲ್ಲಿ ಸಾವಿರಾರು ಮಂದಿ ಸಂಬಳವಿಲ್ಲದ ಸ್ವಯಂಸೇವಕರು.

ಊರು ದಾಟುವಾಗ ತಗ್ಗಿನಲ್ಲಿ ಹೆಂಚಿನ ಮಾಡಿರುವ ಒಂದು ಕಲ್ಲಿನ ತೊಟ್ಟಿ ಕಾಣುತ್ತದೆ. ಪ್ರವಾಸಿಗರು ಅಲ್ಲಿ ಫೋಟೋ ತೆಗೆಯುತ್ತಾರೆ. ಅದು ಬಟ್ಟೆ ಒಗೆಯುವ ತೊಟ್ಟಿ. ಅದರ ಅಂಚಿನಲ್ಲಿ ಹೆಂಗಸರು ಮೊಣಕಾಲೂರಿ ಕುಳಿತು, ಬೂದಿ ನೀರಿನಲ್ಲಿ ನೆನೆಸಿದ ಬಟ್ಟೆಗಳನ್ನು ಮರದ ಹಲಗೆಯಿಂದ ಬಡಿದು, ಕೊರೆಯುವ ನೀರಿನಲ್ಲಿ ಜಾಲಿಸುತ್ತಿದ್ದರು. ಇಂತಹ ತೊಟ್ಟಿಗಳನ್ನು ಕಟ್ಟಲು ಸಹಾಯಧನ ನೀಡುವ ಕಾನೂನು 1851ರಲ್ಲಿ ಬಂತು. ಬಟ್ಟೆ ಒಗೆಯುವ ಯಂತ್ರ ಮನೆ ಮನೆಗೆ ಬಂದ ಮೇಲೆ ಅವು ಮೌನವಾದವು. ಚಳಿಗಾಲದಲ್ಲಿ ಆ ನೀರಿಗೆ ಕೈ ಹಾಕಿದವರ ಬೆರಳುಗಳ ಸ್ಥಿತಿ ಏನಾಗಿದ್ದಿರಬಹುದು? ಅದನ್ನು ಊಹಿಸಲು ನಮಗೆ ಕಷ್ಟವಾಗದು.

ದಾರಿ ಈಗ ಕಾಡಿನೊಳಗೆ ಹೋಗುತ್ತದೆ. ಓಕ್ ಮತ್ತು ಬೀಚ್ ಮರಗಳ ನಡುವೆ, ನೆಟ್ಟು ಬೆಳೆಸಿದ ಡಗ್ಲಸ್ ಫರ್ ಮರಗಳ ಸಾಲು ಬರುತ್ತದೆ. ಹಿಂದೆ ಪ್ಯಾರಿಸಿನ ಒಲೆಗಳು ಉರಿದದ್ದು ಈ ಸೀಮೆಯ ಸೌದೆಯಿಂದ. ಮರ ಕಡಿದು ಹಳ್ಳಕ್ಕೆ ಎಸೆದರೆ, ಅದು ಯೋನ್ ನದಿ ಸೇರಿ, ಅಲ್ಲಿಂದ ತೆಪ್ಪವಾಗಿ ಸೇನ್ ನದಿಯಲ್ಲಿ ತೇಲುತ್ತಾ ರಾಜಧಾನಿ ತಲುಪುತ್ತಿತ್ತು. 16ನೇ ಶತಮಾನದಿಂದ 20ನೇ ಶತಮಾನದ ಆರಂಭದವರೆಗೂ ಇದು ನಡೆಯಿತು.

ಮೊರ್ವಾನ್ ಪ್ಯಾರಿಸಿಗೆ ಕಳುಹಿಸಿದ ಇನ್ನೊಂದು ವಸ್ತುವಿದೆ. ಅದು ತಾಯಿಯ ಹಾಲು.

19ನೇ ಶತಮಾನದಲ್ಲಿ ನಗರದ ಸಿರಿವಂತರು ತಮ್ಮ ಶಿಶುಗಳಿಗೆ ಹಾಲುಣಿಸಲು ದಾದಿಯರನ್ನು ಇಟ್ಟುಕೊಳ್ಳುತ್ತಿದ್ದರು. ಮೊರ್ವಾನಿನ ಹೆಂಗಸರಿಗೆ ಬಹಳ ಬೇಡಿಕೆಯಿತ್ತು. ಬಡ ಮಣ್ಣಿನ ಬೇಸಾಯದಲ್ಲಿ ಎಂದೂ ಕಾಣದ ಹಣ ಅದರಿಂದ ಬರುತ್ತಿತ್ತು. ಆದ್ದರಿಂದ ಆಗ ತಾನೇ ಹೆತ್ತ ತಾಯಿ ತನ್ನ ಕೂಸನ್ನು ಅಜ್ಜಿಯ ಅಥವಾ ನೆರೆಯವಳ ಮಡಿಲಿಗೆ ಹಾಕಿ ಪ್ಯಾರಿಸಿಗೆ ಹೊರಡುತ್ತಿದ್ದಳು. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಹೆಚ್ಚು ಕಾಲ ಪರರ ಮಗುವಿಗೆ ಹಾಲುಣಿಸುತ್ತಿದ್ದಳು. ಅವಳ ಕೂಸು ಇಲ್ಲಿ ಹಸುವಿನ ಹಾಲಿನಲ್ಲಿ ಬದುಕಬೇಕಿತ್ತು. ಎಲ್ಲ ಕೂಸುಗಳೂ ಬದುಕಲಿಲ್ಲ.

ಹಾಲುಣಿಸಿದವಳನ್ನೂ ತಾಯಿಯೆಂದೇ ಗೌರವಿಸುವ, ಒಂದೇ ಹಾಲು ಕುಡಿದ ಮಕ್ಕಳನ್ನು ಒಡಹುಟ್ಟಿದವರಂತೆ ಕಾಣುವ ನಮಗೆ ಈ ಕಥೆ ಎದೆಗೆ ತಾಗದಿರುತ್ತದೆಯೇ?

ಕೊನೆಗೆ ಸರಕಾರ ಎಚ್ಚೆತ್ತಿತು. ವೈದ್ಯರೂ ಶಾಸಕರೂ ಆಗಿದ್ದ ತಿಯೊಫಿಲ್ ರುಸೆಲ್ ಅವರ ಪ್ರಯತ್ನದಿಂದ 1874ರ ಡಿಸೆಂಬರಿನಲ್ಲಿ ಒಂದು ಕಾನೂನು ಬಂತು. ದಾದಿಯಾಗಿ ಹೋಗುವವಳು ಊರಿನ ಮೇಯರರಿಂದ ಪ್ರಮಾಣಪತ್ರ ಪಡೆಯಬೇಕು. ಅವಳ ಸ್ವಂತ ಮಗುವಿಗೆ ಏಳು ತಿಂಗಳು ತುಂಬಿರಬೇಕು, ಇಲ್ಲವಾದರೆ ಅದಕ್ಕೆ ಬೇರೊಬ್ಬಾಕೆ ಹಾಲುಣಿಸುತ್ತಿರಬೇಕು. ಇಂತಹದ್ದನ್ನು ಕಾನೂನು ಮಾಡಿ ಹೇಳಬೇಕಾಯಿತು ಎಂದರೆ ಅಲ್ಲಿಯವರೆಗೆ ಏನು ನಡೆದಿತ್ತೆಂದು ನೀವೇ ಯೋಚಿಸಿ.

ಪ್ಯಾರಿಸಿನ ಅನಾಥ ಮಕ್ಕಳೂ ಈ ಹಳ್ಳಿಗಳಿಗೆ ಬರುತ್ತಿದ್ದರು. ಸಾಕುವ ಮನೆಗಳಿಗೆ ಸರಕಾರ ತಿಂಗಳ ಹಣ ಕೊಡುತ್ತಿತ್ತು. ಮುಂದೆ ಖ್ಯಾತ ಸಾಹಿತಿಯಾದ ಝಾನ್ ಜೆನೆ ಅವರಲ್ಲೊಬ್ಬರು. 1910ರಲ್ಲಿ ಹುಟ್ಟಿದ ಅವರು ಆಲಿನ್ಯಿ ಎಂಬ ಹಳ್ಳಿಯ ಬಡಗಿಯೊಬ್ಬರ ಮನೆಯಲ್ಲಿ ಬೆಳೆದರು. 1982ರಲ್ಲಿ ಬೈರೂತಿನ ಶತೀಲಾ ಶಿಬಿರದಲ್ಲಿ ಫೆಲೆಸ್ತೀನಿಯರ ಹತ್ಯಾಕಾಂಡ ನಡೆದ ಬಳಿಕ, ಒಳಹೊಕ್ಕು ಕಣ್ಣಾರೆ ಕಂಡದ್ದನ್ನು ಜಗತ್ತಿಗೆ ಬರೆದು ತಿಳಿಸಿದವರು ಇವರೇ. ಅದೇ ಆಲಿನ್ಯಿಯಲ್ಲಿ 2016ರಲ್ಲಿ ದಾದಿಯರ ಮತ್ತು ಈ ಮಕ್ಕಳ ನೆನಪಿಗೆ ಒಂದು ವಸ್ತು ಸಂಗ್ರಹಾಲಯ ತೆರೆಯಿತು.

ಗುಡ್ಡ ಇಳಿದು ಮತ್ತೆ ಊರು ಸೇರುವಾಗ ಬೆಳಿಗ್ಗೆ ನೋಡಿದ ಮನೆಗಳೇ ಕಾಣುತ್ತವೆ. ಅವುಗಳಲ್ಲಿ ಕೆಲವಕ್ಕೆ ಆ ಸೀಮೆಯವರು ‘ಹಾಲಿನ ಮನೆ’ ಎನ್ನುತ್ತಾರೆ. ದಾದಿಯರು ದುಡಿದು ತಂದ ಹಣದಿಂದ ಕಟ್ಟಿಸಿದ, ದೊಡ್ಡದು ಮಾಡಿಸಿದ ಮನೆಗಳವು. ಬೆಳಿಗ್ಗೆ ಹೊರಡುವಾಗ ಅವು ನಮಗೆ ಬರೀ ಚಂದದ ಮನೆಗಳಾಗಿದ್ದವು.

ನಾವು ಮೂರು ತಾಸಿನಲ್ಲಿ ಸುತ್ತಿ ಬಂದೆವು. ಆ ತಾಯಿ ಇದೇ ಬೀದಿಗೆ ಮರಳಲು ಒಂದು ವರ್ಷ ಬೇಕಾಯಿತು. ಬಾಗಿಲು ತೆರೆದಾಗ ತನ್ನ ಮಗು ತನ್ನ ಗುರುತು ಹಿಡಿಯುವುದೋ ಇಲ್ಲವೋ ಎಂಬ ಅಳುಕು ಅವಳಿಗಿದ್ದಿರಬೇಕು.

ಸಹೋದರಿಯರೇ, ಮುಂದಿನ ಬಾರಿ ಯಾವುದೇ ಊರಿನಲ್ಲಿ ಒಂದು ಚಂದದ ಹಳೆಯ ಮನೆ ಕಂಡರೆ ಸ್ವಲ್ಪ ನಿಲ್ಲಿ. ಇದನ್ನು ಯಾರು ಕಟ್ಟಿಸಿದರು ಎಂದು ಎಲ್ಲರೂ ಕೇಳುತ್ತಾರೆ. ಯಾರ ದುಡಿಮೆಯಿಂದ ಎಂದು ನೀವು ಕೇಳಿ. ಉತ್ತರ ಹೇಳಬಲ್ಲ ಅಜ್ಜಿಯೊಬ್ಬರು ಆ ಮನೆಯೊಳಗೆ ಇನ್ನೂ ಇದ್ದರೆ ಅವರ ಪಕ್ಕ ಸ್ವಲ್ಪ ಹೊತ್ತು ಕುಳಿತುಕೊಳ್ಳಿ.