ಅಣಕು ಪರೀಕ್ಷೆಯ ಅಂಕಗಳನ್ನು ಎಷ್ಟು ನಂಬಬೇಕು?

ಕಳೆದ ತಿಂಗಳು ಅಕ್ಕಲಕೋಟೆ ತಾಲೂಕಿನ ಹಳ್ಳಿಯೊಂದರಿಂದ ಬರುವ ನಮ್ಮ ಎಂ.ಎ. ವಿದ್ಯಾರ್ಥಿನಿಯೊಬ್ಬಳು ವಿಭಾಗದ ಕೋಣೆಗೆ ಬಂದು ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದಳು. "ಸರ, ಮೂವತ್ತೇಳು ಟೆಸ್ಟ್ ಬರದೀನ್ರಿ. ಮೊದಲ ನೂರಾ ಹತ್ತು ಬರ್ತಿದ್ದುವು. ಈಗ ನೂರಾ ಅರವತ್ತರ ಮ್ಯಾಲ ಬರ್ತಾವ. ಇಷ್ಟ ಬಂದ್ರ ನೆಟ್ ಆಗ್ತದಲ್ರೀ?" ಎಂದು ಕೇಳಿದಳು. ಅವಳ ಮುಖದಲ್ಲಿದ್ದ ಸಂತೋಷವನ್ನು ಕಂಡು 'ಆಗ್ತದವ್ವಾ' ಎನ್ನಬೇಕೆನಿಸಿತು. ಆದರೆ ಮೇಷ್ಟರ ಚಾಳಿ ಬಿಡಲಿಲ್ಲ. 'ಗದಾಯುದ್ಧ'ದ ಇನ್ನೊಂದು ಹೆಸರೇನೆಂದು ಕೇಳಿದೆ. 'ಸಾಹಸಭೀಮ ವಿಜಯಂ' ಎಂದು ಕ್ಷಣವೂ ತಡೆಯದೆ ಹೇಳಿದಳು. ಕವಿ ರನ್ನ, ಆಶ್ರಯದಾತ ಸತ್ಯಾಶ್ರಯ, ಎಲ್ಲವೂ ಸರಿಯಾಗಿತ್ತು. ಒಂದು ಕಾವ್ಯಕ್ಕೆ ಆ ಎರಡನೆಯ ಹೆಸರು ಏಕೆ ಬಂತು, ಅದರಲ್ಲಿ ಭೀಮ ಯಾರು, ಸತ್ಯಾಶ್ರಯ ಯಾರು ಎಂದು ಕೇಳಿದಾಗ ಸುಮ್ಮನಾದಳು. "ಅದು ಆಪ್ಶನ್ನಿನ್ಯಾಗ ಬಂದಿಲ್ರಿ ಸರ" ಎಂದಳು.

ಅವಳು ತಮಾಷೆಗೆ ಹೇಳಿದ ಮಾತಲ್ಲ ಅದು. ಆ ಮಾತಿನ ಬೆನ್ನು ಹತ್ತಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲಿಗೆ ನೆಟ್ ಪರೀಕ್ಷೆಯ ಸ್ವರೂಪ ಬದಲಾದುದನ್ನು ಹೇಳಬೇಕು, ಏಕೆಂದರೆ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರಿಗೆ ಇದು ಇನ್ನೂ ಗೊತ್ತಿಲ್ಲ. ಇಷ್ಟು ವರ್ಷ ಅದು ಉಪನ್ಯಾಸಕ ಹುದ್ದೆಯ ಅರ್ಹತೆಗೆ ಮತ್ತು ಜೆಆರ್‌ಎಫ್ ಶಿಷ್ಯವೇತನಕ್ಕೆ ಇದ್ದ ಪರೀಕ್ಷೆ. 2024ರ ಮಾರ್ಚ್ ತಿಂಗಳಲ್ಲಿ ಯುಜಿಸಿ ಹೊರಡಿಸಿದ ಪ್ರಕಟಣೆಯಂತೆ ಪಿಎಚ್.ಡಿ. ಪ್ರವೇಶಕ್ಕೂ ಅದೇ ಅಂಕಗಳು ಬಳಕೆಯಾಗುತ್ತವೆ. ಕೇವಲ ಪ್ರವೇಶಕ್ಕೆ ಅರ್ಹರಾದವರ ವಿಷಯದಲ್ಲಿ ನೆಟ್ ಅಂಕಕ್ಕೆ ನೂರಕ್ಕೆ 70ರ ತೂಕ, ಸಂದರ್ಶನಕ್ಕೆ 30ರ ತೂಕ. ಆ ಅರ್ಹತೆ ಒಂದು ವರ್ಷ ಮಾತ್ರ ನಿಲ್ಲುತ್ತದೆ. ಪರೀಕ್ಷೆಯಲ್ಲಿ ಎರಡು ಪತ್ರಿಕೆಗಳು. ಎಲ್ಲರಿಗೂ ಸಾಮಾನ್ಯವಾದ ಮೊದಲನೆಯದರಲ್ಲಿ 50 ಪ್ರಶ್ನೆ, ನಮ್ಮ ವಿಷಯದ ಎರಡನೆಯದರಲ್ಲಿ 100 ಪ್ರಶ್ನೆ, ನಡುವೆ ಬಿಡುವಿಲ್ಲದ ಮೂರು ಗಂಟೆ. ಭಾಗಿಸಿ ನೋಡಿದರೆ ಒಂದು ಪ್ರಶ್ನೆಗೆ 72 ಸೆಕೆಂಡು. ಎರಡೂ ಪತ್ರಿಕೆಗಳನ್ನು ಬರೆದವರಲ್ಲಿ ನೂರಕ್ಕೆ ಆರು ಜನ ಮಾತ್ರ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹರಾಗುತ್ತಾರೆ.

ಹೀಗಿರುವಾಗ ಅಭ್ಯಾಸವಿಲ್ಲದೆ ಹೋಗಿ ಕುಳಿತುಕೊಳ್ಳುವುದು ಮೂರ್ಖತನ. ನಾನು ಆನ್‌ಲೈನ್ ಪರೀಕ್ಷೆಗಳ ವಿರೋಧಿಯಲ್ಲ. 'ಅಣಕು ಪರೀಕ್ಷೆ' ಎಂಬ ಅನುವಾದ ಮಾತ್ರ ನನಗೆ ಸೇರದು. ಯಾರನ್ನೋ ಅಣಕಿಸಿದಂತೆ ಕೇಳಿಸುತ್ತದೆ. ನಮ್ಮ ಸೊಲ್ಲಾಪುರದ ಮರಾಠಿಯಲ್ಲಿ 'ಸರಾವ ಪರೀಕ್ಷಾ' ಎನ್ನುತ್ತಾರೆ, ಕೈ ಪಳಗಿಸುವ ಪರೀಕ್ಷೆ ಎಂದರ್ಥ. ಅದೇ ಒಳ್ಳೆಯ ಹೆಸರು. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದರಿಂದ ನೆನಪು ಗಟ್ಟಿಯಾಗುತ್ತದೆ ಎಂಬುದಕ್ಕೆ ಆಧಾರವೂ ಇದೆ. ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕೆಲವು ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಮತ್ತೆ ಮತ್ತೆ ಓದಿದರು, ಕೆಲವರು ಓದಿ, ಅನಂತರ ಪುಸ್ತಕ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರು ಮುಂದಾದರು. ಕನ್ನಡ ಶಾಲೆಯಲ್ಲಿ ಗುರುಗಳು ಪಾಠ ಒಪ್ಪಿಸಲು ನಿಲ್ಲಿಸುತ್ತಿದ್ದುದು ಇದೇ ಕಾರಣಕ್ಕಿರಬೇಕು. ನಾನು ಮಗ್ಗಿಯನ್ನು ಕನ್ನಡದಲ್ಲಿ ಒಪ್ಪಿಸಿದವನು, ಮುಂದೆ ಮರಾಠಿ ಹೈಸ್ಕೂಲಿಗೆ ಹೋಗಿ ಬೀಜಗಣಿತವನ್ನು ಮರಾಠಿಯಲ್ಲಿ ಕಲಿತವನು. ಈಗಲೂ ಸಂತೆಯ ಲೆಕ್ಕ ಕನ್ನಡದಲ್ಲಿ, ಸೂತ್ರಗಳು ಮರಾಠಿಯಲ್ಲಿ ನೆನಪಿಗೆ ಬರುತ್ತವೆ. ಒಪ್ಪಿಸಿದ ಭಾಷೆಯಲ್ಲೇ ಅವು ಉಳಿದಿವೆ.

ಆದರೆ ಆ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಮೊದಲು ಓದಿದ್ದರು ಎಂಬುದನ್ನು ಮರೆಯಬಾರದು. ಓದದೆ ಪರೀಕ್ಷೆಯನ್ನಷ್ಟೇ ಮತ್ತೆ ಮತ್ತೆ ಬರೆದರೆ ನೆನಪಿನಲ್ಲಿ ಉಳಿಯುವುದು ಪರೀಕ್ಷೆಯೇ ಹೊರತು ಕಾವ್ಯವಲ್ಲ. ಒಂದೇ ಪ್ರಶ್ನಭಂಡಾರದಿಂದ ತಿರುಗಿ ತಿರುಗಿ ಬರುವ ಪ್ರಶ್ನೆಗಳಿಗೆ ಅಂಕ ಏರುವುದರಲ್ಲಿ ಆಶ್ಚರ್ಯವಿಲ್ಲ.

ಆನ್‌ಲೈನ್ ಅಭ್ಯಾಸ ನಮ್ಮವರಿಗೆ ನಿಜವಾಗಿಯೂ ಅಗತ್ಯವಾದ ಕಡೆ ಒಂದಿದೆ, ಅದು ಮೊದಲನೆಯ ಪತ್ರಿಕೆ. ವಿಚಿತ್ರವೆಂದರೆ ನಮ್ಮ ಮಕ್ಕಳು ಅದನ್ನೇ ಕಡೆಗಣಿಸುತ್ತಾರೆ. ಅದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಬರುತ್ತದೆ. ಮೈಸೂರಿನ ಕನ್ನಡ ವಿದ್ಯಾರ್ಥಿಗಿಂತ ನಮ್ಮ ಹುಡುಗರಿಗೆ ಇಲ್ಲಿ ಅನುಕೂಲ ಹೆಚ್ಚೆಂದು ನಾನೇ ಹಿಂದೆ ತರಗತಿಯಲ್ಲಿ ಹೇಳುತ್ತಿದ್ದೆ. ದೇವನಾಗರಿ ಕಣ್ಣಿಗೆ ರೂಢಿಯಾಗಿದೆ, ಮರಾಠಿ ಬರುತ್ತದೆ, ಹಿಂದಿ ಕಿವಿಗೆ ಬಿದ್ದಿದೆ. ಆ ಸಲಹೆ ಅರ್ಧ ಸರಿ, ಅರ್ಧ ತಪ್ಪು ಎಂದು ಈಗ ತೋರುತ್ತಿದೆ. ಲಿಪಿ ಪರಿಚಿತವಾಗಿರುವುದರಿಂದಲೇ ಪದದ ಅರ್ಥವೂ ಪರಿಚಿತವೆಂದು ಭ್ರಮೆಯಾಗುತ್ತದೆ. ಹಿಂದಿಯ 'ಶಿಕ್ಷಾ' ಎಂದರೆ ಶಿಕ್ಷಣ. ಕನ್ನಡದಲ್ಲೂ ಮರಾಠಿಯಲ್ಲೂ ಅದು ದಂಡನೆ. 'ಉಚ್ಚ ಶಿಕ್ಷಾ' ಎಂಬುದನ್ನು ಓದಿ ಒಬ್ಬ ಹುಡುಗ ನಕ್ಕನು, ನಕ್ಕು ಬಿಟ್ಟರೆ ನಷ್ಟವಿಲ್ಲ, ಸಂದರ್ಭದಿಂದ ತಿಳಿಯುತ್ತದೆ. 'ಉಪನ್ಯಾಸ' ಹಿಂದಿಯಲ್ಲಿ ಕಾದಂಬರಿ, ನಮ್ಮಲ್ಲಿ ಭಾಷಣ, ಮರಾಠಿಗರಂತೂ ನಮ್ಮಂತೆಯೇ ಕಾದಂಬರಿ ಎನ್ನುತ್ತಾರೆ. ತೊಂದರೆ ಕೊಡುವುದು 'ಶೋಧ' ಮತ್ತು 'ಸಂಶೋಧನ'. ಕನ್ನಡ, ಮರಾಠಿ ಎರಡರಲ್ಲೂ ರಿಸರ್ಚ್ ಎಂದರೆ ಸಂಶೋಧನೆ, ಶೋಧವೆಂದರೆ ಹುಡುಕಾಟ. ಹಿಂದಿಯಲ್ಲಿ ರಿಸರ್ಚಿಗೆ 'ಶೋಧ' ಎನ್ನುತ್ತಾರೆ. 'ಸಂಶೋಧನ' ಎಂದರೆ ತಿದ್ದುಪಡಿ, ಸಂವಿಧಾನದ ತಿದ್ದುಪಡಿ ಎನ್ನುವಾಗಿನ ತಿದ್ದುಪಡಿ. ಸಂಶೋಧನ ಮನೋಭಾವವೇ ಒಂದು ಘಟಕವಾಗಿರುವ ಪತ್ರಿಕೆಯಲ್ಲಿ, 72 ಸೆಕೆಂಡಿನ ಒಳಗೆ, ಈ ಎಡವಟ್ಟು ಎಷ್ಟು ಬಾರಿ ಆಗಬಹುದೆಂದು ಯೋಚಿಸಿ. ಯಾವ ಭಾಷೆಯನ್ನು ಆರಿಸಬೇಕೆಂಬುದನ್ನು ಅರ್ಜಿ ತುಂಬುವ ಮೊದಲೇ, ಎರಡರಲ್ಲೂ ನಾಲ್ಕೈದು ಅಭ್ಯಾಸ ಪತ್ರಿಕೆ ಬರೆದು ನಿರ್ಧರಿಸಬೇಕು. ಇದಕ್ಕೆ ಆನ್‌ಲೈನ್ ಪರೀಕ್ಷೆಗಿಂತ ಒಳ್ಳೆಯ ಉಪಾಯವಿಲ್ಲ.

ಎರಡನೆಯ ಪತ್ರಿಕೆಯ ಮಾತು ಬೇರೆ. ಕನ್ನಡದ ಅಭ್ಯಾಸ ಪರೀಕ್ಷೆಗಳೆಂದು ಮೊಬೈಲಿನಲ್ಲಿ ಹರಿದಾಡುವವುಗಳನ್ನು ಎರಡು ವಾರ ಕುಳಿತು ನೋಡಿದೆ. ಒಳ್ಳೆಯವು ಇಲ್ಲವೆಂದಲ್ಲ. ಆದರೆ ಒಂದೇ ಕಂತೆಯ ಒಂದು ಪರೀಕ್ಷೆಯಲ್ಲಿ 'ಕವಿರಾಜಮಾರ್ಗ'ದ ಕರ್ತೃ ನೃಪತುಂಗ, ಇನ್ನೊಂದರಲ್ಲಿ ಶ್ರೀವಿಜಯ! ಈ ಕೃತಿಯ ಕರ್ತೃತ್ವದ ಬಗ್ಗೆ ವಿದ್ವಾಂಸರು ದಶಕಗಳ ಕಾಲ ಚರ್ಚಿಸಿದ್ದಾರೆ. ನೃಪತುಂಗನ ಸಮ್ಮತಿಯಂತೆ ಶ್ರೀವಿಜಯ ರಚಿಸಿದನೆಂಬುದು ಇಂದು ಬಹುಮಟ್ಟಿಗೆ ಒಪ್ಪಿತವಾದ ಅಭಿಪ್ರಾಯ. ಆ ಚರ್ಚೆಯನ್ನು ಓದಿದವನು ಪ್ರಶ್ನೆಯ ಮಾತುಗಳನ್ನು ನೋಡಿ ಉತ್ತರವನ್ನು ತೂಗುತ್ತಾನೆ. ಓದದವನು ಸೋಮವಾರ ನೃಪತುಂಗನನ್ನೂ ಬುಧವಾರ ಶ್ರೀವಿಜಯನನ್ನೂ ಕಂಠಪಾಠ ಮಾಡಿ ಶುಕ್ರವಾರ ಕಂಗಾಲಾಗುತ್ತಾನೆ.

ಅದಕ್ಕಿಂತ ದೊಡ್ಡ ದೋಷ ಅಕ್ಷರದ್ದು. ಹಳಗನ್ನಡದ ಱ ಮತ್ತು ೞ ಎರಡಕ್ಕೂ ಇಂದು ಯೂನಿಕೋಡಿನಲ್ಲಿ ಸ್ಥಾನವಿದೆ. ಆದರೂ ಈ ಪರೀಕ್ಷೆಗಳಲ್ಲಿ ಹೆಚ್ಚಾಗಿ ೞಕಾರದ ಬದಲು ಳಕಾರವನ್ನೇ ಕುಟ್ಟಿರುತ್ತಾರೆ. 'ಬಾೞ್' ಎಂದರೆ ಬದುಕು, 'ಬಾಳ್' ಎಂದರೆ ಕತ್ತಿ. 'ಅಱಿ' ಎಂದರೆ ತಿಳಿ, 'ಅರಿ' ಎಂದರೆ ಕತ್ತರಿಸು, ಸಂಸ್ಕೃತದಿಂದ ಬಂದರೆ ಶತ್ರು. ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ರಳ, ಕುಳ, ಕ್ಷಳ ಎಂದು ಬೇರ್ಪಡಿಸಿ ಹೇಳಿದ್ದು ಇದಕ್ಕಾಗಿಯೇ. ಪದ್ಯವನ್ನು ಕೊಟ್ಟು ಅರ್ಥ ಕೇಳುವ ಪ್ರಶ್ನೆಯಲ್ಲಿ ಅಕ್ಷರವೇ ತಪ್ಪಿದರೆ ವಿದ್ಯಾರ್ಥಿ ಕಲಿಯುವುದೇನು? ಬದುಕೂ ಕತ್ತಿಯೂ ಒಂದೇ ಎಂದು. ಮುದ್ರಿತ ಪುಸ್ತಕದಲ್ಲಿ ಪದ್ಯವನ್ನು ಕಣ್ಣಾರೆ ನೋಡದ ಹುಡುಗನಿಗೆ ಅಲ್ಲಿ ತಪ್ಪಿದೆ ಎಂಬುದೇ ತಿಳಿಯುವುದಿಲ್ಲ.

ಇನ್ನೊಂದು ಮಾತು, ಇದನ್ನು ಸೊಲ್ಲಾಪುರದವನಾಗಿ ಸ್ವಲ್ಪ ನೋವಿನಿಂದಲೇ ಹೇಳುತ್ತೇನೆ. ಬೇಂದ್ರೆಯವರಿಗೆ ಜ್ಞಾನಪೀಠ ಬಂದ ವರ್ಷ 1973, ಕೃತಿ 'ನಾಕುತಂತಿ', ಇದು ಎಲ್ಲ ಅಭ್ಯಾಸ ಪರೀಕ್ಷೆಯಲ್ಲೂ ಇದೆ, ಎಲ್ಲರಿಗೂ ಗೊತ್ತು. ಅವರು 1944ರಿಂದ 1956ರವರೆಗೆ ಇದೇ ಊರಿನ ಡಿ.ಎ.ವಿ. ಕಾಲೇಜಿನಲ್ಲಿ ಪಾಠ ಹೇಳಿದರೆಂಬುದು ತರಗತಿಯಲ್ಲಿ ಇಬ್ಬರಿಗೆ ಗೊತ್ತಿತ್ತು. 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷೆ, ಆ ಪೀಠವನ್ನೇರಿದ ಮೊದಲ ಮಹಿಳೆ ಜಯದೇವಿತಾಯಿ ಲಿಗಾಡೆ ಎಂದು ಎಲ್ಲರೂ ಗುಂಡಿ ಒತ್ತುತ್ತಾರೆ. ಆ ತಾಯಿ ನಮ್ಮ ಸೊಲ್ಲಾಪುರದವರು. ಅವರ 'ಶ್ರೀ ಸಿದ್ಧರಾಮೇಶ್ವರ ಪುರಾಣ' ನಮ್ಮ ಗ್ರಂಥಾಲಯದಲ್ಲಿ ಧೂಳು ಹಿಡಿದು ನಿಂತಿದೆ. ಸಂಕ್ರಾಂತಿಯ ಗಡ್ಡಾ ಜಾತ್ರೆಗೆ ತಪ್ಪದೆ ಹೋಗುವ ಹುಡುಗರೇ ಆ ಪುಸ್ತಕವನ್ನು ತೆರೆದಿಲ್ಲ.

ನಾಳೆ ಪಿಎಚ್.ಡಿ. ಸಂದರ್ಶನದಲ್ಲಿ ಆ 30ರ ತೂಕದ ಮುಂದೆ ಕುಳಿತಾಗ ಆಯ್ಕೆಗಳು ನಾಲ್ಕು ಇರುವುದಿಲ್ಲ. ಪರೀಕ್ಷೆಯೊಳಗೂ ಈ ಓದು ಕೈಹಿಡಿಯುತ್ತದೆ. ಎನ್‌ಟಿಎ ತಾತ್ಕಾಲಿಕ ಉತ್ತರಸೂಚಿಯನ್ನು ಪ್ರಕಟಿಸಿದ ಮೇಲೆ ತಪ್ಪೆಂದು ತೋರಿದ ಉತ್ತರವನ್ನು ಪ್ರಶ್ನಿಸಲು ಅವಕಾಶವಿದೆ. ಪ್ರಶ್ನೆಯೊಂದಕ್ಕೆ 200 ರೂಪಾಯಿ ಕಟ್ಟಬೇಕು, ಆಧಾರವನ್ನು ಜೋಡಿಸಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಯೊಬ್ಬ ಕೆಲವೇ ಅಂಕಗಳಿಂದ ಹೊರಗುಳಿದ. ಒಂದು ಉತ್ತರ ತಪ್ಪಿದೆಯೆಂದು ಅವನಿಗೆ ಬಲವಾದ ಅನುಮಾನವಿತ್ತು. ಯಾವ ಪುಸ್ತಕದ ಯಾವ ಪುಟ ಎಂದು ಕೇಳಿದಾಗ ಅವನಲ್ಲಿ ಇದ್ದದ್ದು ಮೊಬೈಲಿನ ಒಂದು ಚಿತ್ರ ಮಾತ್ರ. ನಾನೂ ಆ ವಾರ ಬೇರೆ ಕೆಲಸದಲ್ಲಿದ್ದೆ, ಹುಡುಕಿ ಕೊಡಲಿಲ್ಲ. ಅವಧಿ ಮುಗಿಯಿತು. ಅದರಲ್ಲಿ ಅವನದಕ್ಕಿಂತ ನನ್ನ ತಪ್ಪೇ ಹೆಚ್ಚೆಂದು ಇಂದಿಗೂ ಅನಿಸುತ್ತದೆ.

ಸಣ್ಣ ಸಂಗತಿಗಳನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಮೊಬೈಲಿನಲ್ಲಿ ಬೆರಳಿನಿಂದ ಅಭ್ಯಾಸ ಮಾಡಿ ಪರೀಕ್ಷಾ ಕೇಂದ್ರದಲ್ಲಿ ಮೌಸ್ ಹಿಡಿಯುವುದು ಬೇರೆ. ಎನ್‌ಟಿಎ ತಾಣದಲ್ಲಿರುವ ಉಚಿತ ಅಭ್ಯಾಸ ಪರೀಕ್ಷೆಯನ್ನು ಒಮ್ಮೆಯಾದರೂ ಕಂಪ್ಯೂಟರಿನ ಮುಂದೆ ಕುಳಿತು ಬರೆಯಿರಿ, ಹಸಿರು, ಕೆಂಪು, ನೇರಳೆ ಗುರುತುಗಳ ಅರ್ಥ ತಿಳಿಯುತ್ತದೆ. ನೆಟ್‌ನಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಆದರೆ ಆಳಂದ ದಾಟಿ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಎಂ.ಎ. ಸೇರಬಯಸುವ ಬಿ.ಎ. ವಿದ್ಯಾರ್ಥಿಗಳು ಬರೆಯುವ ಸಿಯುಇಟಿಯಲ್ಲಿ ಸರಿ ಉತ್ತರಕ್ಕೆ 4, ತಪ್ಪಿಗೆ 1 ಅಂಕ ಕಡಿತ. ಒಂದರ ಅಭ್ಯಾಸವನ್ನು ಇನ್ನೊಂದಕ್ಕೆ ಒಯ್ಯಬೇಡಿ. 'ಕೆಸೆಟ್ ಸುಲಭ, ಕನ್ನಡದಲ್ಲೇ ಬರೆಯಬಹುದು' ಎಂದು ಹೇಳುವವರೂ ಇದ್ದಾರೆ. ಬರೆಯಿರಿ, ಆದರೆ ಆ ಅರ್ಹತೆ ಕರ್ನಾಟಕದ ಕಾಲೇಜುಗಳಿಗೆ ಮಾತ್ರ ಸಲ್ಲುತ್ತದೆ. ಅಕ್ಕಲಕೋಟೆಯಲ್ಲೋ ಸೊಲ್ಲಾಪುರದಲ್ಲೋ ಕನ್ನಡ ಪಾಠ ಹೇಳಬೇಕೆಂಬ ಆಸೆ ಇದ್ದರೆ ನೆಟ್ ಬೇಕು. ಗಡಿನಾಡಿನ ಕನ್ನಡ ವಿಭಾಗಗಳಲ್ಲಿ ನಮ್ಮ ನಂತರ ಯಾರು ನಿಲ್ಲುತ್ತಾರೆ ಎಂಬ ಪ್ರಶ್ನೆಯೂ ಇದರಲ್ಲಿ ಅಡಗಿದೆ. ನಾನು ನಿವೃತ್ತನಾಗಲು ಹೆಚ್ಚು ವರ್ಷಗಳಿಲ್ಲ.

ಹಣ ಕೊಟ್ಟು ಕೊಂಡ ಪರೀಕ್ಷಾ ಕಂತೆಗಳ ಬದಲು ಹಿಂದಿನ ವರ್ಷಗಳ ಪ್ರಶ್ನಪತ್ರಿಕೆಗಳಿಂದ ಆರಂಭಿಸಬೇಕೆಂಬುದು ನನ್ನ ಅಭಿಪ್ರಾಯ. ಅವು ಬಿಟ್ಟಿಯಾಗಿಯೇ ಸಿಗುತ್ತವೆ, ಪ್ರಶ್ನೆ ಕೇಳುವವರ ಮನಸ್ಸು ಅಲ್ಲಿ ತಿಳಿಯುತ್ತದೆ. ಆದರೆ ಅದಕ್ಕಿಂತ ಉಪಯುಕ್ತವಾದುದು ಪ್ರಶ್ನೆಯನ್ನು ನಾವೇ ರಚಿಸುವುದು. ಒಂದು ಆಶ್ವಾಸ ಓದಿ ಹತ್ತು ಪ್ರಶ್ನೆ ಬರೆದು ನೋಡಿ. ಸರಿ ಉತ್ತರ ಬರೆಯುವುದು ಸುಲಭ, ನಂಬುವಂಥ ಮೂರು ತಪ್ಪು ಉತ್ತರಗಳನ್ನು ಬರೆಯಬೇಕಾದರೆ ಪುಸ್ತಕ ಮೂರು ಸಲ ತಿರುವಬೇಕಾಗುತ್ತದೆ. ನಾನು ಆ ಹುಡುಗಿಗೆ ಮೂವತ್ತೆಂಟನೆಯ ಟೆಸ್ಟ್ ಬರೆಯಬೇಡ, ಅದನ್ನು ನೀನೇ ತಯಾರಿಸು ಎಂದೆ. "ಅದಕ್ಕ ಪುಸ್ತಕಾನೇ ಓದಬೇಕಲ್ರೀ ಸರ" ಎಂದು ನಕ್ಕಳು.

ಮುಂದಿನ ಶನಿವಾರದಿಂದ ಮಧ್ಯಾಹ್ನ ಮೂರಕ್ಕೆ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಸೇರೋಣ. ಪ್ರತಿಯೊಬ್ಬರೂ ಹತ್ತು ಪ್ರಶ್ನೆಗಳನ್ನು, ಪ್ರತಿ ಉತ್ತರದ ಜೊತೆ ಪುಸ್ತಕದ ಹೆಸರು ಮತ್ತು ಪುಟಸಂಖ್ಯೆಯನ್ನು ಬರೆದುಕೊಂಡು ಬರಬೇಕು. ಪುಟಸಂಖ್ಯೆ ಇಲ್ಲದ ಪ್ರಶ್ನೆಯನ್ನು ತೆಗೆದುಕೊಳ್ಳುವುದಿಲ್ಲ. ಮೊದಲ ವಾರಕ್ಕೆ 'ಗದಾಯುದ್ಧ'. ಗ್ರಂಥಾಲಯದಲ್ಲಿ ಅದರ ಎರಡು ಪ್ರತಿಗಳಿವೆ, ಒಂದು ಬಹಳ ದಿನಗಳಿಂದ ನನ್ನ ಮನೆಯಲ್ಲೇ ಇದೆ. ಸೋಮವಾರ ತಂದು ಮರಳಿಸುತ್ತೇನೆ.