‘ಮೆದುಳು ಜ್ವರ’ ಎಂದರೆ ಸಾಲದು



ಜ್ವರ ಬಂದವರು ಬಡಬಡಿಸಿ, ಫಿಟ್ಸ್ ಬಂದು ಎಚ್ಚರ ತಪ್ಪಿದರೆ ದೊಡ್ಡಾಸ್ಪತ್ರೆಯಲ್ಲಿ ‘ಮೆದುಳು ಜ್ವರ’ ಎನ್ನುತ್ತಾರೆ. ನಾವೂ ಹಣೆಬರಹವೆಂದು ಸುಮ್ಮನಾಗುತ್ತೇವೆ. ಅದು ಒಂದೇ ರೋಗದ ಹೆಸರಲ್ಲ. ಹೊಟ್ಟೆನೋವು ಎಂದ ಹಾಗೆ, ಹಲವು ರೋಗಗಳಿಗೆ ಒಂದೇ ಮಾತು. ಯಾವುದರಿಂದ ಬಂತೆಂದು ಕೇಳುವುದು ಅಧಿಕಪ್ರಸಂಗವಲ್ಲ.

ಉತ್ತರ ಪ್ರದೇಶದ ಗೋರಖಪುರವನ್ನೇ ನೋಡಿ. ಆ ಸೀಮೆಯಲ್ಲಿ ಮಳೆಗಾಲ ಬಂದರೆ ಬಡವರ ಮಕ್ಕಳು ಈ ಜ್ವರದಿಂದ ಸಾಯುತ್ತಿದ್ದರು. 2005ರಲ್ಲಿ ಸಾವು ಸಾವಿರ ದಾಟಿತು. ಗದ್ದೆ ನೀರಿನ ಸೊಳ್ಳೆಯು ಹಂದಿ, ಕೊಕ್ಕರೆಗಳಿಂದ ಮನುಷ್ಯರಿಗೆ ತರುವ ಜಪಾನೀ ಮೆದುಳು ಜ್ವರ ಇದೆಂದು 2006ರಿಂದ ಲಸಿಕೆ ಹಾಕಿದರು. ಆ ಜ್ವರ ಇಳಿಯಿತು, ಆದರೂ ಮಕ್ಕಳು ಎಚ್ಚರವಿಲ್ಲದೆ ಆಸ್ಪತ್ರೆಗೆ ಬರುವುದು ನಿಲ್ಲಲಿಲ್ಲ. 2015ರ ಸುಮಾರಿಗೆ ರಕ್ತ ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಸ್ಕ್ರಬ್ ಟೈಫಸ್ ಗುರುತು ಸಿಕ್ಕಿತು. ಪೊದೆ, ಹುಲ್ಲಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿ ಕಚ್ಚಿ ಬರುವ ಜ್ವರ ಅದು. ಪೆನಿಸಿಲಿನ್ ಅದಕ್ಕೆ ನಾಟುವುದಿಲ್ಲ. ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೊಮೈಸಿನ್ ಮೊದಲ ದಿನಗಳಲ್ಲೇ ಕೊಟ್ಟರೆ ಜ್ವರ ತಲೆಗೇರುವ ಮುಂಚೆ ಇಳಿಯುತ್ತದೆ. ಡಾಕ್ಸಿಸೈಕ್ಲಿನ್ ಎಷ್ಟು ಅಗ್ಗದ ಮಾತ್ರೆ! ಕಾರಣ ಹುಡುಕಲು ತಡವಾದುದಕ್ಕೆ ಬೆಲೆ ತೆತ್ತವರು ಆ ತಾಯಂದಿರು.

ಬಿಹಾರದ ಮುಜಫ್ಫರ್‌ಪುರದ್ದು ಬೇರೆಯೇ ಕಥೆ. ರಾತ್ರಿ ಉಣ್ಣದೆ ಮಲಗಿದ್ದ ಮಕ್ಕಳು ಲಿಚಿ ಹಣ್ಣು ತಿಂದಿದ್ದರು, ರಕ್ತದಲ್ಲಿ ಸಕ್ಕರೆ ಇಳಿದುಹೋಗಿತ್ತು ಎಂದು 2014ರ ತನಿಖೆಯಲ್ಲಿ ಕಂಡಿತು. ಅದನ್ನೂ ಮೆದುಳು ಜ್ವರವೆಂದೇ ಕರೆಯುತ್ತಿದ್ದರು. ಬೇಕಾಗಿದ್ದದ್ದು ಗ್ಲೂಕೋಸು, ಅದಕ್ಕಿಂತ ಮೊದಲು ರಾತ್ರಿಯ ಒಂದು ತುತ್ತು.

ಎಲ್ಲ ಪರೀಕ್ಷೆ ಮಾಡಿದರೂ ಕಾರಣ ಸಿಗದ ರೋಗಿಗಳೂ ಉಂಟು, ಮದ್ದಿಲ್ಲದ ವೈರಸ್ಸುಗಳೂ ಉಂಟು. ಅದಕ್ಕೆ ಡಾಕ್ಟರರನ್ನು ದೂರುವುದಿಲ್ಲ. ಆದರೆ ಸ್ಕ್ರಬ್ ಟೈಫಸ್ ವೈನಾಡಿನಲ್ಲಿಯೂ ನೀಲಗಿರಿಯಲ್ಲಿಯೂ ಇದೆ. ಕಳೆ ಕೀಳುವವರು, ಸೌದೆಗೆ ಹೋಗುವವರು ನಾವೇ. ಕಂಕುಳು, ತೊಡೆಸಂದು, ಕಿವಿಯ ಹಿಂದೆ ಬೀಡಿ ಬೆಂಕಿ ತಾಗಿದಂತೆ ಕಪ್ಪು ಹಕ್ಕಳೆ ಇದ್ದರೆ ಡಾಕ್ಟರರಿಗೆ ತೋರಿಸಿ. ನೋವಿಲ್ಲದ ಕಾರಣ ಕಾಣದೇ ಹೋಗಬಹುದು. ಅಕ್ಕಂದಿರು ನಾಚಿಕೊಂಡು ಮುಚ್ಚಿಡಬಾರದು. ಕಲೆ ಇಲ್ಲದೆಯೂ ಈ ಜ್ವರ ಬರಬಹುದು. ಆದ್ದರಿಂದ ಎಲ್ಲಿ ಕೆಲಸ ಮಾಡಿದಿರೆಂದು ಕೇಳದಿದ್ದರೂ ಹೇಳಿ.

ಜ್ವರ ಬಂದ ದಿನವೇ ಹೋಗಬೇಕಾದರೆ ಅಂದಿನ ಕೂಲಿ ಕಡಿಯಬಾರದು. ಎಸ್ಟೇಟ್ ಡಿಸ್ಪೆನ್ಸರಿಯಲ್ಲಿ ಈ ಮಾತ್ರೆ ಇರಬೇಕು, ದೊಡ್ಡಾಸ್ಪತ್ರೆಗೆ ರಾತ್ರಿಯೂ ವಾಹನ ಸಿಗಬೇಕು. ಮುಂದಿನ ಮಾತುಕತೆಯಲ್ಲಿ ಬೋನಸ್ಸಿನ ಜೊತೆಗೆ ಈ ಮೂರನ್ನೂ ಬರೆಸೋಣ.